ಚಳಿಗೆ ಮುಂಚೆ ಮನೆ ರೆಡಿ: ಹೀಟರ್ ಆಮೇಲೆ, ಮೊದಲು ಸಂದಿ ಮುಚ್ಚಿ

ನಮಸ್ಕಾರ ಎಲ್ಲರಿಗೂ. ಚಳಿಗಾಲ ಹತ್ತಿರ ಬಂತು ಅಂದರೆ ಎಲ್ಲರೂ ಕೇಳುವುದು ಒಂದೇ, ಯಾವ ಹೀಟರ್ ತಗೊಳ್ಳಲಿ ಅಂತ. ಆ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ. ಕಾಸು ಕೊಟ್ಟು ಕಾಯಿಸಿದ ಗಾಳಿ ಮನೆಯಿಂದ ಎಲ್ಲಿ ಸೋರುತ್ತಿದೆ ಅನ್ನುವುದನ್ನು ಮೊದಲು ನೋಡೋಣ. ಬಿಲ್ ಇಳಿಯಬೇಕಾದರೆ ಕೆಲಸ ಶುರುವಾಗುವುದೇ ಅಲ್ಲಿಂದ.

ಈಗ ನೀವು ನೋಡುತ್ತಿರುವುದು ಬಾಗಿಲ ಕೆಳಗಿನ ಸಂದಿ. ಸುಮಾರು 3 ಮಿಲಿಮೀಟರ್. ಬಾಗಿಲಿನ ಅಗಲ 90 ಸೆಂಟಿಮೀಟರ್. ಗುಣಿಸಿದರೆ 27 ಚದರ ಸೆಂಟಿಮೀಟರ್ ಆಯ್ತು. ಅಂದರೆ ಉದ್ದ ಅಗಲ ಎರಡೂ 5 ಸೆಂಟಿಮೀಟರ್ ದಾಟುವ ತೂತು. ಗೋಡೆಯಲ್ಲಿ ಅಷ್ಟು ದೊಡ್ಡ ತೂತು ಕಂಡರೆ ಅವತ್ತೇ ಮುಚ್ಚಿಸುತ್ತೇವೆ, ಅಲ್ವಾ? ಬಾಗಿಲ ಕೆಳಗಿದ್ದರೆ ಮಾತ್ರ ವರ್ಷಗಟ್ಟಲೆ ಹಾಗೇ ಇರುತ್ತದೆ. ಬಾಗಿಲ ಅಂಚಿಗೆ ಒಂದು ಬ್ರಷ್ ಪಟ್ಟಿ ಹೊಡೆದರೆ ಇದು ಮುಗಿಯಿತು.

ಕಣ್ಣಿಗೆ ಕಾಣದ ಸಂದಿ ಹುಡುಕುವುದಕ್ಕೆ ಊದುಬತ್ತಿ ಸಾಕು. ಹೊರಗೆ ಚಳಿ ಇರುವ, ಗಾಳಿ ಬೀಸುವ ದಿನ ನೋಡಿಕೊಳ್ಳಿ. ಗ್ಯಾಸ್, ಸೌದೆ, ಬಾಯ್ಲರ್ ಏನೇ ಉರಿಯುತ್ತಿದ್ದರೂ ಮೊದಲು ಆರಿಸಿ. ಕಿಟಕಿ ಬಾಗಿಲು ಎಲ್ಲಾ ಹಾಕಿ. ಅಡುಗೆಮನೆ ಮತ್ತು ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಆನ್ ಮಾಡಿ. ಫ್ಯಾನ್ ಒಳಗಿನ ಗಾಳಿಯನ್ನು ಎಳೆದು ಹೊರಗೆ ಹಾಕುತ್ತದೆ. ಅಷ್ಟೇ ಗಾಳಿ ಸಂದಿಗಳಿಂದ ಒಳಗೆ ನುಗ್ಗುತ್ತದೆ. ಈಗ ಬತ್ತಿ ಹಚ್ಚಿ, ಪರದೆಗೆ ತಾಗದ ಹಾಗೆ ಹಿಡಿದುಕೊಂಡು ಗೋಡೆಯುದ್ದಕ್ಕೂ ನಿಧಾನವಾಗಿ ನಡೆಯಿರಿ. ಹೊಗೆ ನೆಟ್ಟಗೆ ಏರುತ್ತಿದ್ದದ್ದು ಒಮ್ಮೆಲೇ ಅಡ್ಡ ಬಾಗಿದರೆ, ಅಲ್ಲೇ ಸೋರಿಕೆ. ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿ ಮುಂದೆ ಹೋಗಿ.

ಇಲ್ಲಿ ನೋಡಿ, ಹೊರಗೋಡೆಯ ಸ್ವಿಚ್ ಬೋರ್ಡ್. ಹೊಗೆ ಹೇಗೆ ತಿರುಗಿತು! ಸಿಂಕ್ ಕೆಳಗೆ ಪೈಪು ಗೋಡೆ ದಾಟುವ ಜಾಗದಲ್ಲೂ ಹಾಗೇ. ಇಂಥ ಕಡೆ ಯಾರೂ ಕೈಯಿಟ್ಟು ನೋಡುವುದೇ ಇಲ್ಲ.

ಮುಚ್ಚುವಾಗ ಒಂದೇ ವ್ಯತ್ಯಾಸ ನೆನಪಿಡಿ. ಅಲ್ಲಾಡದ ಜಾಗಕ್ಕೆ, ಅಂದರೆ ಕಿಟಕಿ ಚೌಕಟ್ಟು ಗೋಡೆಗೆ ಸೇರುವಲ್ಲಿ, ಸೀಲಂಟ್, ಅಂದರೆ ಸಂದಿಗೆ ತುಂಬುವ ಅಂಟು. ತೆರೆದು ಮುಚ್ಚುವ ಜಾಗಕ್ಕೆ ಫೋಮ್ ಟೇಪ್ ಅಥವಾ ರಬ್ಬರ್ ಪಟ್ಟಿ. ಹೊಗೆ ಕೊಳವೆಯ ಸುತ್ತ ಮಾತ್ರ ಸಾಮಾನ್ಯ ಫೋಮ್ ಬೇಡವೇ ಬೇಡ. ಅಲ್ಲಿ ಬೆಂಕಿ ತಡೆಯುವ ಸಾಮಗ್ರಿಯೇ ಬೇಕು.

ಈಗ ಮೇಲೆ ಹೋಗೋಣ. ಇಡೀ ಮನೆಯಲ್ಲಿ ಅತಿ ಮುಖ್ಯವಾದ ಜಾಗ ಇದೇ ಅಂತ ನಾನು ನಂಬುತ್ತೇನೆ: ಅಟ್ಟದ ಮುಚ್ಚಳ. ಬಿಸಿ ಗಾಳಿ ಹಗುರ. ಅದು ಮೇಲೇರಿ ಈ ಮುಚ್ಚಳದ ಅಂಚಿನಿಂದ, ಸೀಲಿಂಗ್ ಲೈಟುಗಳ ಸುತ್ತಲಿನ ಸಂದಿಯಿಂದ ಹೊರಗೆ ಹೋಗುತ್ತದೆ. ಹೋದಷ್ಟೂ ಗಾಳಿಯನ್ನು ಮನೆ ಕೆಳಗಿನಿಂದ ಎಳೆದುಕೊಳ್ಳುತ್ತದೆ. ಅಂದರೆ ನಿಮ್ಮ ಕಾಲಿಗೆ ತಣ್ಣಗೆ ಹೊಡೆಯುವ ಗಾಳಿಗೆ ಕಾರಣ ತಲೆಯ ಮೇಲಿನ ಸಂದಿ ಆಗಿರಬಹುದು! ಕೆಳಗೆ ಎಷ್ಟೇ ಮುಚ್ಚಿದರೂ ಮೇಲೆ ತೆರೆದಿದ್ದರೆ ಅದು ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ.

ಅಟ್ಟದಲ್ಲಿ ಇನ್ಸುಲೇಷನ್ ಇದೆ, ನಮಗೆ ಚಿಂತೆ ಇಲ್ಲ ಅನ್ನುತ್ತಾರೆ. ಗಾಜಿನ ನಾರಿನ ಇನ್ಸುಲೇಷನ್ ಬಿಸಿ ದಾಟುವುದನ್ನು ನಿಧಾನ ಮಾಡುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಗಾಳಿ ಅದರೊಳಗೇ ನುಸುಳಿ ಹೋಗುತ್ತದೆ. ಕಪ್ಪಗೆ ಧೂಳು ಹಿಡಿದ ಪಟ್ಟೆ ಕಂಡರೆ ಅದನ್ನು ಎತ್ತಿ ನೋಡಿ. ಕೆಳಗೆ ಸಂದಿ ಇರುವ ಸಾಧ್ಯತೆ ಜಾಸ್ತಿ. ಗಾಳಿ ಅಲ್ಲಿಂದ ಹಾದುಹೋಗುವಾಗ ಧೂಳು ಸೋಸಿ ಬಿಟ್ಟು ಹೋಗಿರುತ್ತದೆ. ಆದ್ದರಿಂದ ಮೊದಲು ಸಂದಿ ಮುಚ್ಚಿ, ಆಮೇಲೆ ಇನ್ಸುಲೇಷನ್ ಹಾಸಿ. ಸೂರಿನ ಅಂಚಿನ ಗಾಳಿಕಿಂಡಿಗಳನ್ನು ಮಾತ್ರ ಮುಚ್ಚಬೇಡಿ, ಅಟ್ಟದ ತೇವ ಹೊರಗೆ ಹೋಗಬೇಕು.

ಕಿಟಕಿ ಬದಲಾಯಿಸುವುದು ದುಬಾರಿ ಕೆಲಸ. ಬಾಡಿಗೆ ಮನೆಯಲ್ಲಂತೂ ಆಗದ ಮಾತು. ಚೌಕಟ್ಟಿಗೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಹೇರ್ ಡ್ರೈಯರ್ ಹಿಡಿದರೆ ಬಿಗಿಯಾಗುತ್ತದೆ. ಗಾಜಿಗೂ ಹಾಳೆಗೂ ನಡುವೆ ನಿಂತ ಗಾಳಿಯೇ ಕಂಬಳಿ. ಬಿಸಿಲು ಬೀಳುವ ಕಡೆ ಹಗಲು ಪರದೆ ತೆಗೆದಿಡಿ, ಕತ್ತಲಾದ ಕೂಡಲೇ ಎಳೆಯಿರಿ. ಪರದೆ ರೇಡಿಯೇಟರ್ ಮೇಲೆ, ಅಂದರೆ ಒಳಗೆ ಬಿಸಿನೀರು ಹರಿದು ಕೋಣೆ ಕಾಯಿಸುವ ಪೆಟ್ಟಿಗೆಯ ಮೇಲೆ, ಇಳಿಬಿದ್ದಿರಬಾರದು.

ರೇಡಿಯೇಟರ್ ಮೇಲ್ಭಾಗ ತಣ್ಣಗಿದ್ದು ಕೆಳಗೆ ಬಿಸಿ ಇದೆಯಾ? ಹಾಗಾದರೆ ಒಳಗೆ ಗಾಳಿ ಸೇರಿಕೊಂಡಿದೆ. ಹೀಟಿಂಗ್ ಆಫ್ ಮಾಡಿ, ಆರಲು ಬಿಡಿ. ಮೇಲ್ತುದಿಯಲ್ಲಿರುವ ಗಾಳಿ ಬಿಡುವ ತಿರುಪಿಗೆ ಬಟ್ಟೆ ಹಿಡಿದು, ಅದನ್ನು ಕೀಲಿಯಿಂದ ಸ್ವಲ್ಪ ತಿರುಗಿಸಿ. ಹಿಸ್ ಅನ್ನುವ ಸದ್ದು ನಿಂತು ನೀರು ಬಂದರೆ ಮುಚ್ಚಿ, ಬಾಯ್ಲರಿನ ಒತ್ತಡ ನೋಡಿಕೊಳ್ಳಿ. ಬಿಸಿ ಗಾಳಿ ಊದುವ ಫರ್ನೇಸ್ ಇರುವವರು ಫಿಲ್ಟರ್ ತೆಗೆದು ನೋಡಿ.

ಇನ್ನು ಥರ್ಮೋಸ್ಟಾಟ್, ಅಂದರೆ ಮನೆ ಎಷ್ಟು ಬೆಚ್ಚಗಿರಬೇಕು ಅಂತ ಹೊಂದಿಸುವ ಸಾಧನ. ರಾತ್ರಿ ಇಳಿಸಿದರೆ ಬೆಳಗ್ಗೆ ಮತ್ತೆ ಕಾಯಿಸುವುದಕ್ಕೆ ಜಾಸ್ತಿ ಖರ್ಚು, ಹಾಗಾಗಿ ಇಡೀ ದಿನ ಒಂದೇ ಮಟ್ಟದಲ್ಲಿ ಇಡಬೇಕು ಅನ್ನುವ ಮಾತು ಕೇಳಿರುತ್ತೀರಿ. ಅದು ತಪ್ಪು. ಒಳಗೂ ಹೊರಗೂ ಇರುವ ಉಷ್ಣತೆಯ ಅಂತರ ಹೆಚ್ಚಿದಷ್ಟೂ ಮನೆ ಬಿಸಿಯನ್ನು ಬೇಗ ಕಳೆದುಕೊಳ್ಳುತ್ತದೆ. ಇಳಿಸಿಟ್ಟ ಅಷ್ಟೂ ಹೊತ್ತು ನಷ್ಟ ಕಡಿಮೆ. ದಿನಕ್ಕೆ 8 ಗಂಟೆ 4ರಿಂದ 5.5 ಡಿಗ್ರಿ ಸೆಲ್ಸಿಯಸ್ ಇಳಿಸಿದರೆ ವರ್ಷಕ್ಕೆ ಶೇ. 10ರವರೆಗೆ ಉಳಿಸಬಹುದು ಅಂತ ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಹೀಟ್ ಪಂಪ್, ಅಂದರೆ ಹೊರಗಿನ ಬಿಸಿಯನ್ನೇ ಎಳೆದು ಒಳಗೆ ತರುವ ಯಂತ್ರ, ಇರುವವರಿಗೆ ಈ ಸಲಹೆ ಹಾಗೇ ಒಪ್ಪುವುದಿಲ್ಲ. ಒಮ್ಮೆಲೇ ಜಾಸ್ತಿ ಏರಿಸಲು ಹೋದರೆ ಅದರ ಸಹಾಯಕ ಹೀಟರ್ ಆನ್ ಆಗಿ ಕರೆಂಟ್ ತಿನ್ನುತ್ತದೆ. ಹಾಗಂತ ಉಳಿತಾಯದ ಆಸೆಗೆ ಮನೆಯವರನ್ನು ನಡುಗಿಸಬೇಡಿ, ದಯವಿಟ್ಟು. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ವಯಸ್ಸಾದವರು, ಎಳೆ ಮಕ್ಕಳು ಇದ್ದರೆ ಇನ್ನೂ ಸ್ವಲ್ಪ ಬೆಚ್ಚಗೆ ಬೇಕು.

ಈಗ ಆ ಹೀಟರ್ ಪ್ರಶ್ನೆ. ಪ್ಲಗ್‌ಗೆ ಹಾಕುವ ಸಾಮಾನ್ಯ ಹೀಟರ್ ಯಾವುದಾದರೂ 1 ಯೂನಿಟ್ ಕರೆಂಟ್‌ಗೆ 1 ಯೂನಿಟ್ ಬಿಸಿಯನ್ನೇ ಕೊಡುತ್ತದೆ. 1,500 ವ್ಯಾಟ್‌ನದ್ದು ಒಂದು ಗಂಟೆ ಉರಿದರೆ 1.5 ಯೂನಿಟ್. ಅಗ್ಗದ್ದಾದರೂ ಅಷ್ಟೇ, ದುಬಾರಿಯದ್ದಾದರೂ ಅಷ್ಟೇ. ಅರ್ಧ ಕರೆಂಟಿನಲ್ಲಿ ಇಡೀ ಮನೆ ಬಿಸಿ ಅನ್ನುವ ಜಾಹೀರಾತನ್ನು ನಂಬಬೇಡಿ. ಒಂದೇ ಕೋಣೆಯಲ್ಲಿ ಕೂರುವವರಿಗೆ ಇಂಥ ಹೀಟರ್ ಸರಿ. ಬಾಗಿಲು ಹಾಕಿಕೊಂಡು ಆ ಕೋಣೆ ಮಾತ್ರ ಕಾಯಿಸಿ. ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬೇಡಿ, ಬಿಸಿಯಾಗಿ ಬೆಂಕಿ ಹತ್ತಬಹುದು.

ಮನೆ ಬಿಗಿಯಾದ ಮೇಲೆ ತೇವ ಒಳಗೇ ಉಳಿಯುತ್ತದೆ, ಗೋಡೆ ಮೂಲೆಯಲ್ಲಿ ಬೂಷ್ಟು ಬರುತ್ತದೆ. ದಿನಕ್ಕೆ ಒಂದೆರಡು ಸಲ ಕಿಟಕಿಗಳನ್ನು ಪೂರ್ತಿ ತೆರೆದು, 5 ನಿಮಿಷ ಬಿಟ್ಟು ಮುಚ್ಚಿ. ಗಾಳಿ ಬದಲಾಗುತ್ತದೆ, ಗೋಡೆಯ ಬಿಸಿ ಹೋಗುವುದಿಲ್ಲ.

ಒಲೆ, ಬಾಯ್ಲರ್, ಫರ್ನೇಸ್‌ಗೆ ಗಾಳಿ ಕೊಡುವ ಕಿಂಡಿಯನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಗಾಳಿ ಸಾಲದೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ಮಲಗುವ ಕೋಣೆಯ ಹತ್ತಿರ ಅದನ್ನು ಪತ್ತೆಹಚ್ಚುವ ಅಲಾರಂ ಹಾಕಿಸಿ. ಅಲಾರಂ ಈಗಾಗಲೇ ಇದ್ದವರು ಈ ವಿಡಿಯೋ ನಿಲ್ಲಿಸಿ, ಈಗಲೇ ಅದರ ಟೆಸ್ಟ್ ಬಟನ್ ಒತ್ತಿ ನೋಡಿ.