ಗ್ರಾಹಕರ ಡೊಮೈನ್ ನಮ್ಮ ಹೆಸರಿನಲ್ಲೇಕೆ?

ನಮಸ್ಕಾರ. ನಾನು ತುಮಕೂರಿನಲ್ಲಿ ಒಂದು ಸಣ್ಣ ವೆಬ್ ಡಿಸೈನ್ ಸಂಸ್ಥೆ ನಡೆಸುತ್ತೇನೆ. ಇಂದು ಹೇಳಹೊರಟಿರುವ ಮಾತು ನನ್ನದೇ ವೃತ್ತಿಯಲ್ಲಿರುವವರಿಗೆ ಅಷ್ಟಾಗಿ ರುಚಿಸದಿರಬಹುದು. ಗ್ರಾಹಕರ ಡೊಮೈನನ್ನು, ಅಂದರೆ ಅವರ ವೆಬ್‌ಸೈಟಿನ ವಿಳಾಸವಾಗಿರುವ ಹೆಸರನ್ನು, ನಮ್ಮ ಇಮೇಲಿಗೆ, ನಮ್ಮ ಮೊಬೈಲ್ ಸಂಖ್ಯೆಗೆ, ಕೊನೆಗೆ ನಮ್ಮದೇ ಹೆಸರಿಗೆ ನೋಂದಾಯಿಸಿಕೊಂಡು, ಅವರಿಗೆ ವರ್ಷಕ್ಕೊಮ್ಮೆ ಒಟ್ಟು ಮೊತ್ತದ ಬಿಲ್ ಕಳುಹಿಸುವ ಪದ್ಧತಿಯನ್ನು ನಾವು ನಿಲ್ಲಿಸಬೇಕು. ಅನುಕೂಲಕ್ಕೆಂದೇ ಅದು ಶುರುವಾಯಿತೆಂಬುದು ನನಗೆ ಗೊತ್ತು. ಆದರೂ ವೆಬ್‌ಸೈಟ್ ಮಾಡಿಸಿದವರಿಗೆ ಆದ ದೊಡ್ಡ ನಷ್ಟಗಳಲ್ಲಿ ನಾನು ಕಂಡ ಬಹುಪಾಲು, ವಿನ್ಯಾಸ ಚೆನ್ನಾಗಿಲ್ಲದ್ದರಿಂದ ಆದವಲ್ಲ, ಈ ಪದ್ಧತಿಯಿಂದ ಆದವು.

ನಮ್ಮ ಬಿ.ಎಚ್. ರಸ್ತೆಯ ಅಂಗಡಿ ಮಾಲೀಕರಲ್ಲಿ ಹೆಚ್ಚಿನವರು ವೆಬ್‌ಸೈಟ್, ಹೋಸ್ಟಿಂಗ್, ಡೊಮೈನ್ ಮೂರೂ ಒಂದೇ ಎಂದು ತಿಳಿದಿರುತ್ತಾರೆ, ಮತ್ತು ಮೂರನ್ನೂ ಬಿಲ್ಲಿನ ಒಂದೇ ಸಾಲಿನಲ್ಲಿ ಬರೆಯುವ ಮೂಲಕ ಆ ತಪ್ಪು ತಿಳಿವಳಿಕೆಯನ್ನು ಗಟ್ಟಿ ಮಾಡಿದವರು ನಾವೇ. ವೆಬ್‌ಸೈಟ್ ಎಂದರೆ ಪುಟಗಳು, ಚಿತ್ರಗಳು ಮತ್ತು ಕೋಡ್. ಹೋಸ್ಟಿಂಗ್ ಎಂದರೆ ಅವನ್ನು ಇಟ್ಟಿರುವ ಸರ್ವರಿನ ಬಾಡಿಗೆ. ಡೊಮೈನ್ ಎಂದರೆ ಹೆಸರು. ಅದನ್ನು ಯಾರೂ ಶಾಶ್ವತವಾಗಿ ಕೊಳ್ಳಲು ಬರುವುದಿಲ್ಲ, ಒಂದರಿಂದ 10 ವರ್ಷದ ಅವಧಿಗೆ ನೋಂದಾಯಿಸಿಕೊಂಡು ನವೀಕರಿಸುತ್ತಾ ಹೋಗಬೇಕು. ಡಾಟ್ ಇನ್ ಹೆಸರುಗಳ ಮೂಲ ಪಟ್ಟಿಯನ್ನು ನಿಕ್ಸಿ ಎಂಬ ಭಾರತೀಯ ಸಂಸ್ಥೆ ನೋಡಿಕೊಳ್ಳುತ್ತದೆ. ಡಾಟ್ ಕಾಮ್ ಪಟ್ಟಿಯನ್ನು ಅಮೆರಿಕದ ವೆರಿಸೈನ್ ಕಂಪನಿ, ಜಗತ್ತಿನ ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು ಸಂಯೋಜಿಸುವ, 1998ರಲ್ಲಿ ಸ್ಥಾಪನೆಯಾದ ಐಕ್ಯಾನ್ ಸಂಸ್ಥೆಯ ನಿಯಮಗಳಿಗೆ ಒಳಪಟ್ಟು ನಿರ್ವಹಿಸುತ್ತದೆ. ನಾವು ವ್ಯವಹರಿಸುವುದು ಇವರಿಬ್ಬರೊಡನೆಯೂ ಅಲ್ಲ, ನಡುವೆ ನಿಂತು ನೋಂದಣಿ ಮಾಡಿಕೊಡುವ ರಿಜಿಸ್ಟ್ರಾರ್ ಕಂಪನಿಗಳೊಡನೆ. ಆ ದಾಖಲೆಯಲ್ಲಿ ರಿಜಿಸ್ಟ್ರಂಟ್ ಎಂಬ ಅಂಕಣವಿದೆ. ಅಲ್ಲಿ ಯಾರ ಹೆಸರಿದೆಯೋ ಹಕ್ಕು ಅವರದು. ದುಡ್ಡು ಯಾರ ಜೇಬಿನಿಂದ ಹೋಯಿತೆಂದು ರಿಜಿಸ್ಟ್ರಾರ್ ಕೇಳುವುದಿಲ್ಲ. ಮನೆ ಕಟ್ಟಿಕೊಟ್ಟ ಮೇಸ್ತ್ರಿ ನಿವೇಶನದ ಖಾತೆಯನ್ನೂ ತನ್ನ ಹೆಸರಿಗೆ ಮಾಡಿಸಿಕೊಂಡರೆ ನಮ್ಮ ಊರಿನಲ್ಲಿ ಪಂಚಾಯಿತಿ ಸೇರುತ್ತದೆ, ಡೊಮೈನ್ ವಿಷಯದಲ್ಲಿ ಮಾತ್ರ ಯಾರೂ ಹುಬ್ಬೇರಿಸುವುದಿಲ್ಲ.

ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ನಮ್ಮ ಕಚೇರಿಗೆ ಬಂದದ್ದು, ತಮ್ಮ ವೆಬ್‌ಸೈಟ್ ತೆರೆದರೆ ಯಾವುದೋ ಜಾಹೀರಾತುಗಳ ಪುಟ ಬರುತ್ತಿದೆಯೆಂಬ ದೂರಿನೊಂದಿಗೆ. ಅವರ ಆತಂಕಕ್ಕೆ ನಿಜವಾದ ಕಾರಣ ಅದಾಗಿರಲಿಲ್ಲ. ಉತ್ತರ ಭಾರತದ ಖರೀದಿದಾರರು ದರ ಕೇಳಿ ಬರೆಯುತ್ತಿದ್ದ ಇಮೇಲ್ ವಿಳಾಸವೂ ಅದೇ ಡೊಮೈನಿನ ಮೇಲಿದ್ದುದರಿಂದ, ಹೆಸರಿನ ಅವಧಿ ತೀರಿದ ಮೇಲೆ ಪತ್ರಗಳೂ ಬರುವುದು ನಿಂತಿತ್ತು, ಮತ್ತು ಅವು ನಿಂತಿವೆಯೆಂಬುದು ಅವರಿಗೆ ಎಷ್ಟೋ ದಿನ ತಿಳಿದಿರಲಿಲ್ಲ. ಫೈಲಿನಿಂದ ಬಿಲ್ ತೆಗೆದು ತೋರಿಸಿದರು: ಡೊಮೈನ್, ಹೋಸ್ಟಿಂಗ್, ಮೇಂಟೆನೆನ್ಸ್ ಎಂದು ಒಂದೇ ಸಾಲು, ಒಂದೇ ಮೊತ್ತ, ಯಾವ ರಿಜಿಸ್ಟ್ರಾರ್, ಯಾವ ದಿನಾಂಕದವರೆಗೆ ಎಂಬುದರ ಸುಳಿವಿಲ್ಲ. ವೆಬ್‌ಸೈಟ್ ಮಾಡಿಕೊಟ್ಟಿದ್ದ ಹುಡುಗ ಒಳ್ಳೆಯವನೇ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ, ಬೆಳಗಿನ ರೈಲು ಹಿಡಿದು ಸಂಜೆ ಮರಳುವ ಬದುಕಿಗೆ ಬಿದ್ದಿದ್ದ. ನವೀಕರಣದ ಎಚ್ಚರಿಕೆಗಳೆಲ್ಲ ಅವನು ತೆರೆಯುವುದನ್ನೇ ಬಿಟ್ಟಿದ್ದ ಹಳೆಯ ಇಮೇಲಿಗೆ ಹೋಗುತ್ತಿದ್ದವು. ಅವನನ್ನು ಹುಡುಕಿ ಹಿಡಿಯುವಷ್ಟರಲ್ಲಿ ಆ ಹೆಸರನ್ನು ಬೇರೊಬ್ಬರು ತೆಗೆದುಕೊಂಡಾಗಿತ್ತು. ಚೀಲದ ಮೇಲಿನ ಮುದ್ರಣದಿಂದ ಹಿಡಿದು ವಿಸಿಟಿಂಗ್ ಕಾರ್ಡಿನವರೆಗೆ ಎಲ್ಲವನ್ನೂ ಹೊಸ ಹೆಸರಿನಲ್ಲಿ ಮಾಡಿಸಬೇಕಾಯಿತು.

ಈ ಪ್ರಕರಣದಲ್ಲಿ ಯಾರೂ ಮೋಸ ಮಾಡಿಲ್ಲ ಎಂಬುದನ್ನು ಗಮನಿಸಬೇಕು. ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದ ಊರಿನಲ್ಲಿ ಈ ಕೆಲಸ ಮಾಡುವ ಹುಡುಗರು ಬಹುತೇಕ ಓದು ಮುಗಿಸಿ ಕೆಲಸ ಸಿಗುವವರೆಗೆ ಮಾಡುವವರು. ಅವರು ಹೊರಟುಹೋಗುವುದು ಸಹಜ; ಹೋಗುವಾಗ ಹತ್ತಾರು ಅಂಗಡಿಗಳ ಹೆಸರುಗಳನ್ನು ತಮ್ಮ ಇಮೇಲಿನಲ್ಲೇ ಹೊತ್ತುಕೊಂಡು ಹೋಗುತ್ತಾರೆಂಬುದು ಅವರಿಗೂ ನೆನಪಿರುವುದಿಲ್ಲ. ಬೇಕೆಂದೇ ಹಿಡಿದಿಟ್ಟುಕೊಳ್ಳುವವರೂ ಇದ್ದಾರೆ. ಗ್ರಾಹಕರು ಬೇರೆಯವರ ಬಳಿ ಹೋಗುತ್ತೇನೆಂದ ದಿನ ಟ್ರಾನ್ಸ್‌ಫರ್ ಚಾರ್ಜ್ ಎಂಬ ಹೊಸ ಶುಲ್ಕವೊಂದು ಹುಟ್ಟಿಕೊಳ್ಳುತ್ತದೆ. ಅಂಥವರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ; ಅವರು ಮಾಡುತ್ತಿರುವುದೇನೆಂದು ಅವರಿಗೇ ಗೊತ್ತಿದೆ.

ಡಾಟ್ ಕಾಮ್ ಹೆಸರೊಂದರ ಅವಧಿ ಮುಗಿದರೆ ಏನಾಗುತ್ತದೆಂಬುದನ್ನು ಪ್ರತಿಯೊಬ್ಬ ಗ್ರಾಹಕರಿಗೂ ಆರಂಭದಲ್ಲೇ ವಿವರಿಸಬೇಕು. ಐಕ್ಯಾನ್ ನಿಯಮದಂತೆ ರಿಜಿಸ್ಟ್ರಾರ್ ಸುಮಾರು ಒಂದು ತಿಂಗಳು ಮೊದಲು ಒಂದು, ಸುಮಾರು ಒಂದು ವಾರ ಮೊದಲು ಇನ್ನೊಂದು ಎಚ್ಚರಿಕೆ ಕಳುಹಿಸಬೇಕು. ಅವಧಿ ಮುಗಿದ ಮೇಲೆ, ರಿಜಿಸ್ಟ್ರಾರ್ ಕಂಪನಿಯ ಷರತ್ತಿಗನುಗುಣವಾಗಿ ಗರಿಷ್ಠ 45 ದಿನಗಳವರೆಗೆ ಸಾಮಾನ್ಯ ದರದಲ್ಲೋ ಅದಕ್ಕೊಂದಿಷ್ಟು ಸೇರಿಸಿಯೋ ನವೀಕರಿಸಲು ಅವಕಾಶವಿರಬಹುದು; ಆದರೆ ಆ ಅವಧಿಯಲ್ಲೇ ಹೆಸರನ್ನು ಹರಾಜಿಗೆ ಇಡುವ ಕಂಪನಿಗಳೂ ಇವೆ. ಹೆಸರು ಅಳಿಸಲ್ಪಟ್ಟ ಮೇಲೆ 30 ದಿನಗಳ ಮರುಪಡೆಯುವ ಅವಧಿ ಇದೆ, ಅದರ ಶುಲ್ಕ ಮಾಮೂಲಿ ನವೀಕರಣದ ಹಲವು ಪಟ್ಟು. ಬಳಿಕ 5 ದಿನ ಯಾರೂ ಏನೂ ಮಾಡಲಾಗದು, ಆಮೇಲೆ ಅದು ಯಾರು ಬೇಕಾದರೂ ನೋಂದಾಯಿಸಿಕೊಳ್ಳಬಹುದಾದ ಹೆಸರು. ಈ ಎಲ್ಲ ಹಂತಗಳಲ್ಲೂ ಏನಾದರೂ ಮಾಡಬಲ್ಲವರು ರಿಜಿಸ್ಟ್ರಾರ್ ಬಳಿ ಖಾತೆ ಉಳ್ಳವರು ಮಾತ್ರ. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನ ಖರ್ಚಿಗಾಗಿ ಲಕ್ಷಗಳ ವಹಿವಾಟಿನ ವಿಳಾಸ ಕಳೆದುಹೋಗುವುದು ಹೀಗೆ.

ಹಾಗಾದರೆ ಗ್ರಾಹಕರ ಹೆಸರಿಗೇ ಮಾಡಿಸುವುದಕ್ಕೆ ಅಡ್ಡಿಯೇನು? ಅಡ್ಡಿ ಓಟಿಪಿ. ಹಾರ್ಡ್‌ವೇರ್ ಅಂಗಡಿಯ ಯಜಮಾನರ ಫೋನಿನಲ್ಲಿರುವ ಜಿಮೇಲ್ ಖಾತೆಯನ್ನು ಮೊಬೈಲ್ ಅಂಗಡಿಯ ಹುಡುಗ ಫೋನ್ ಮಾರುವಾಗ ಮಾಡಿಕೊಟ್ಟಿರುತ್ತಾನೆ. ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೆ ಜೋಡಿಸಿದ ಸಂಖ್ಯೆ ಎಂದೋ ಎಸೆದ ಸಿಮ್ಮಿನದು. ಇನ್ನು ಕಾರ್ಡ್ ಪಾವತಿಯೆಂದರೆ, ‘ನೀವೇ ಹಾಕಿಬಿಡಿ ಸಾರ್, ಆಮೇಲೆ ಕೊಡ್ತೀನಿ’ ಎನ್ನುತ್ತಾರೆ. ಇಲ್ಲಿ ಕೈಚೆಲ್ಲಿ ನಮ್ಮ ಖಾತೆಯಲ್ಲಿ ನೋಂದಾಯಿಸಿಕೊಳ್ಳುವುದು ಐದು ನಿಮಿಷದ ಕೆಲಸ. ಅದರ ಬದಲು ಅವರನ್ನು ಎದುರಿಗೆ ಕೂರಿಸಿಕೊಂಡು, ವ್ಯಾಪಾರಕ್ಕೆಂದೇ ಹೊಸ ಇಮೇಲ್ ಮಾಡಿ, ಮರಳಿ ಪಡೆಯುವ ಸಂಖ್ಯೆಯಾಗಿ ಮಗಳದೋ ಮಗನದೋ ಸಂಖ್ಯೆ ಕೊಟ್ಟು, ರಿಜಿಸ್ಟ್ರಾರ್ ಖಾತೆ ತೆರೆದು, ಅವರ ಫೋನಿನಿಂದಲೇ ಯುಪಿಐ ಮೂಲಕ ಹಣ ಕಟ್ಟಿಸಿ, ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿ ಅಂಗಡಿಯ ಲೈಸೆನ್ಸ್ ಜೊತೆ ಇಡಲು ಹೇಳಬೇಕು. ಪಾಸ್‌ವರ್ಡ್ ಕಾಗದದಲ್ಲಿ ಬರೆಯಬಾರದೆನ್ನುವ ಪಂಡಿತರಿದ್ದಾರೆ. ಇಂಟರ್ನೆಟ್ಟಿನ ಕಳ್ಳ ಬಂದು ಬೀರು ತೆರೆಯಲಾರನೆಂಬುದು ನನ್ನ ಉತ್ತರ. ಇದಕ್ಕೆಲ್ಲ ಒಂದು ಗಂಟೆ ಬೇಕು, ಕೆಲವೊಮ್ಮೆ ಎರಡು. ಆ ಗಂಟೆಗೆ ನಾವು ಬಿಲ್ಲಿನಲ್ಲಿ ಪ್ರತ್ಯೇಕ ಸಾಲು ಬರೆದು ಹಣ ಕೇಳುತ್ತೇವೆ, ಕೇಳಲೂಬೇಕು. ಸಲಹೆಯನ್ನು ಪುಕ್ಕಟೆ ಕೊಟ್ಟು ಹಗ್ಗದ ತುದಿಯನ್ನು ಕೈಯಲ್ಲಿಟ್ಟುಕೊಳ್ಳುವುದಕ್ಕಿಂತ ಅದು ಎಷ್ಟೋ ಪ್ರಾಮಾಣಿಕವಾದದ್ದು.

ಇದರಿಂದ ಲೆಕ್ಕಪತ್ರದಲ್ಲೂ ಒಂದು ಲಾಭವಿದೆ. ರಿಜಿಸ್ಟ್ರಾರ್ ಕೊಡುವ ಬಿಲ್ಲಿನಲ್ಲಿ ಗ್ರಾಹಕರದೇ ಜಿಎಸ್‌ಟಿ ಸಂಖ್ಯೆ ಇದ್ದರೆ, ಅದರ ಮೇಲಿನ ಶೇ. 18ರ ತೆರಿಗೆಯನ್ನು ಸಾಮಾನ್ಯ ಯೋಜನೆಯಲ್ಲಿರುವ ವ್ಯಾಪಾರಿ ಹೂಡುವಳಿ ತೆರಿಗೆ ಜಮೆಯಾಗಿ, ಅಂದರೆ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಮೊತ್ತವಾಗಿ, ಪಡೆಯಬಹುದು. ಮುಂದೆ ಹೆಸರಿನ ಬಗ್ಗೆ ತಕರಾರು ಎದ್ದರೆ ಆ ಬಿಲ್ಲೇ ಮೊದಲ ಪುರಾವೆಯಾಗುತ್ತದೆ.

ಸಹವೃತ್ತಿಯವರ ಆಕ್ಷೇಪವೂ ನನಗೆ ಗೊತ್ತು. ಎಲ್ಲವನ್ನೂ ಅವರ ಕೈಗೆ ಕೊಟ್ಟರೆ ಬಾಕಿ ಹಣ ಬರುವುದು ಹೇಗೆ, ಎನ್ನುತ್ತಾರೆ. ವಸಂತನರಸಾಪುರದ ಕಾರ್ಖಾನೆಯಾಗಲಿ ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಯಾಗಲಿ, ಕೊನೆಯ ಕಂತು ವಸೂಲಾಗುವಷ್ಟರಲ್ಲಿ ಚಪ್ಪಲಿ ಸವೆಯುತ್ತದೆಂಬುದು ನಿಜವೇ. ಆದರೆ ತಡೆಹಿಡಿಯಲು ನಮ್ಮ ಬಳಿ ನ್ಯಾಯವಾದ ವಸ್ತುವೊಂದಿದೆ, ಅದು ನಮ್ಮ ಕೆಲಸ. ಮುಂಗಡ ಪಡೆದೇ ಆರಂಭಿಸಬೇಕು. ವಿನ್ಯಾಸ ಒಪ್ಪಿದ ದಿನ ಎರಡನೆಯ ಕಂತು ಪಡೆಯಬೇಕು. ಪೂರ್ತಿ ಸೈಟನ್ನು ನಮ್ಮ ಪರೀಕ್ಷಾ ವಿಳಾಸದಲ್ಲಿ ತೋರಿಸಿ, ಕೊನೆಯ ಕಂತು ಬಂದ ಮೇಲೆ ಅವರ ಡೊಮೈನಿಗೆ ಏರಿಸಬೇಕು. ಹಣ ಬರದಿದ್ದರೆ ಸೈಟನ್ನು ಏರಿಸದಿರುವ ಹಕ್ಕು ನಮಗಿದೆ. ಅವರ ಅಜ್ಜನ ಕಾಲದಿಂದ ಬಂದ ಅಂಗಡಿಯ ಹೆಸರನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಮಾತ್ರ ನಮಗೆ ಎಲ್ಲಿಂದಲೂ ಬರುವುದಿಲ್ಲ.

ಡೊಮೈನ್ ಬಿಟ್ಟರೆ ಉಳಿಯುವುದು ಕೋಡಿನ ಹಕ್ಕು, ಇಲ್ಲಿ ಕಾನೂನು ಗ್ರಾಹಕರು ಊಹಿಸಿದಂತೆ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಹಣ ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ ಹಣ ಕೊಟ್ಟವರೇ ಮೊದಲ ಹಕ್ಕುದಾರರು. ಹೊರಗಿನವರಿಂದ ಬರೆಸಿದ ಕೋಡಿಗೆ ಆ ಸವಲತ್ತಿಲ್ಲ, ಅದರ ಮೊದಲ ಹಕ್ಕು ಬರೆದವರದು. ಹಕ್ಕು ವರ್ಗಾವಣೆಯಾಗಬೇಕಾದರೆ 19ನೇ ಕಲಮಿನಂತೆ ಸಹಿಯುಳ್ಳ ಬರಹವೇ ಬೇಕು. ಆ ಬರಹದಲ್ಲಿ ಅವಧಿ ನಮೂದಿಸದಿದ್ದರೆ ಅದನ್ನು 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ. ಆದ್ದರಿಂದ ‘ಪೂರ್ತಿ ಹಣ ಸಂದಾಯವಾದ ಮೇಲೆ ಈ ಸೈಟಿಗೆಂದೇ ಬರೆದ ಕೋಡ್ ಮತ್ತು ವಿನ್ಯಾಸದ ಹಕ್ಕು, ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ ಗ್ರಾಹಕರಿಗೆ ಸೇರುತ್ತದೆ’ ಎಂಬ ಒಂದು ವಾಕ್ಯ ಒಪ್ಪಂದದಲ್ಲಿರಬೇಕು. ಅದನ್ನು ಕೇಳಿ ಬರೆಸಿಕೊಳ್ಳಿ ಎಂದು ಗ್ರಾಹಕರಿಗೆ ನಾವೇ ಹೇಳಬೇಕು. ವರ್ಡ್‌ಪ್ರೆಸ್‌ನಂಥ ಮುಕ್ತ ತಂತ್ರಾಂಶ ಇದರಲ್ಲಿ ಸೇರುವುದಿಲ್ಲ, ಅದು ಯಾರೊಬ್ಬರದೂ ಅಲ್ಲ.

ಎಲ್ಲರಿಗೂ ವೆಬ್‌ಸೈಟೇ ಬೇಕೆಂದೂ ಇಲ್ಲ. ಬಸ್ ನಿಲ್ದಾಣದ ಬಳಿ ತಟ್ಟೆ ಇಡ್ಲಿ ಮಾರುವವರಿಗೆ ನಾನು ಸೈಟ್ ಮಾಡಿಕೊಡುವುದಿಲ್ಲ. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಜಾಗ, ತೆರೆಯುವ ವೇಳೆ, ನಾಲ್ಕು ಒಳ್ಳೆಯ ಚಿತ್ರ ಸರಿಯಾಗಿದ್ದರೆ ಸಾಕು, ಅದಕ್ಕೆ ಗೂಗಲ್ ಶುಲ್ಕ ಪಡೆಯುವುದಿಲ್ಲ. ಆದರೆ ಅಲ್ಲಿಯೂ ಇದೇ ಪ್ರಶ್ನೆ ಎದುರಾಗುತ್ತದೆ. ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲಿ ಮುಖ್ಯ ಮಾಲೀಕ, ಮಾಲೀಕ, ವ್ಯವಸ್ಥಾಪಕ ಎಂಬ ಬೇರೆ ಬೇರೆ ಪಾತ್ರಗಳಿವೆ. ಸಂಸ್ಥೆಯವರು ವ್ಯವಸ್ಥಾಪಕರಾಗಿ ಸೇರಿಕೊಂಡರೆ ಚಿತ್ರ ಹಾಕುವುದಕ್ಕೂ ವಿಮರ್ಶೆಗಳಿಗೆ ಉತ್ತರಿಸುವುದಕ್ಕೂ ಯಾವ ಅಡಚಣೆಯೂ ಇಲ್ಲ. ಮುಖ್ಯ ಮಾಲೀಕರ ಜಾಗದಲ್ಲಿ ಹೋಟೆಲಿನವರೇ ಇರಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರುತ್ತಿರುವುದರಿಂದ ಈ ಮಾತಿಗೆ ಇನ್ನಷ್ಟು ತೂಕ ಬಂದಿದೆ. ನರ್ಸಿಂಗ್ ಹೋಮಿನ ವೆಬ್‌ಸೈಟಿನಲ್ಲಿ ರೋಗಿಗಳು ತುಂಬಿದ ಹೆಸರು, ಫೋನ್ ಸಂಖ್ಯೆಗಳನ್ನು ನಮ್ಮ ಸರ್ವರಿನಲ್ಲಿ ನಾವು ನಿರ್ವಹಿಸುತ್ತಿದ್ದರೂ, ಅವುಗಳ ಹೊಣೆಯನ್ನು ಕಾಯ್ದೆ ಹೊರಿಸುವುದು ನರ್ಸಿಂಗ್ ಹೋಮಿನ ಮೇಲೆಯೇ. ಹೊಣೆ ಅವರದು, ಕೀಲಿಕೈ ನಮ್ಮದು ಎಂಬ ಏರ್ಪಾಡನ್ನು ಯಾವ ವಕೀಲರೂ ಒಪ್ಪಲಾರರು.

ಈಗಾಗಲೇ ಸಿಕ್ಕಿಕೊಂಡಿರುವ ವ್ಯಾಪಾರಿಗಳಿಗೆ ಕೊನೆಯದಾಗಿ ಕೆಲವು ಮಾತು. ನಿಮ್ಮ ಡೊಮೈನಿನ ರಿಜಿಸ್ಟ್ರಾರ್ ಯಾರು, ಅವಧಿ ಎಂದಿನವರೆಗೆ ಎಂಬುದು ಹೂಈಸ್ ಎಂದು ಕರೆಯುವ, ಡೊಮೈನ್ ದಾಖಲೆಗಳ ಆನ್‌ಲೈನ್ ಹುಡುಕಾಟದಲ್ಲಿ ಸಿಗುತ್ತದೆ. ಮಾಲೀಕರ ಹೆಸರು ಮರೆಮಾಡಿದ್ದರೂ ಈ ಎರಡು ವಿವರ ಕಾಣುತ್ತವೆ. ನಿಮ್ಮ ಡಿಸೈನರಿಗೆ ಸೌಜನ್ಯದಿಂದಲೇ ಬರೆದು, ರಿಜಿಸ್ಟ್ರಂಟ್ ಹೆಸರನ್ನು ಬದಲಾಯಿಸಲು ಮತ್ತು ವರ್ಗಾವಣೆಗೆ ಬೇಕಾದ ಸಂಕೇತವನ್ನು ಕೊಡಲು ಕೇಳಿ. ಡಾಟ್ ಕಾಮ್ ಹೆಸರಿನ ಹಕ್ಕುದಾರರು ಕೇಳಿದ 5 ದಿನಗಳೊಳಗೆ ರಿಜಿಸ್ಟ್ರಾರ್ ಆ ಸಂಕೇತ ಕೊಡಲೇಬೇಕೆಂಬ ನಿಯಮವಿದೆ. ತೊಡಕೆಂದರೆ, ಆ ನಿಯಮ ಹಕ್ಕುದಾರರನ್ನು ಗುರುತಿಸುವುದು ದಾಖಲೆಯಲ್ಲಿರುವ ಹೆಸರಿನಿಂದ. ಕೊಡಲೊಲ್ಲೆ ಎಂದರೆ ಡಾಟ್ ಇನ್ ಹೆಸರುಗಳಿಗೆ ನಿಕ್ಸಿಯ ಮಧ್ಯಸ್ಥಿಕೆಯ ಮಾರ್ಗವಿದೆ, ಡಾಟ್ ಕಾಮ್ ಹೆಸರುಗಳಿಗೆ 1999ರಲ್ಲಿ ಐಕ್ಯಾನ್ ಒಪ್ಪಿದ ವಿವಾದ ಪರಿಹಾರ ನೀತಿಯಿದೆ. ಎರಡನೆಯದಕ್ಕೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ, ಏಕವ್ಯಕ್ತಿ ಪೀಠದ ಮುಂದೆ ದೂರು ಸಲ್ಲಿಸುವ ಶುಲ್ಕವೇ 1,500 ಡಾಲರ್. ಟ್ರೇಡ್‌ಮಾರ್ಕ್ ಹಕ್ಕು ಇದೆಯೆಂದೂ, ಎದುರಾಳಿ ದುರುದ್ದೇಶದಿಂದಲೇ ನೋಂದಾಯಿಸಿ ಬಳಸುತ್ತಿದ್ದಾರೆಂದೂ ತೋರಿಸಬೇಕು. ನಿಮ್ಮ ಒಪ್ಪಿಗೆಯ ಮೇಲೆಯೇ ನೋಂದಾಯಿಸಿಕೊಂಡ ಡಿಸೈನರ್ ವಿರುದ್ಧ ಅದನ್ನು ತೋರಿಸುವುದು ಸುಲಭವಲ್ಲ. ಆದ್ದರಿಂದ ಜಗಳಕ್ಕೆ ಹೋಗುವ ಮೊದಲು ಅವಧಿ ಎಂದು ಮುಗಿಯುತ್ತದೆಂದು ನೋಡಿಕೊಂಡು, ನವೀಕರಣದ ಹಣವನ್ನು ಅವರ ಮೂಲಕವೇ ಕಟ್ಟಿಸಿ ರಸೀದಿ ಪಡೆದುಕೊಳ್ಳಿ. ಮಾತುಕತೆ ಅದರ ನಂತರ ನಡೆಯಲಿ.