ಹೊಟೇಲು ಎದ್ದು ಹೋದ ಮೇಲೂ ಮನೆ ನಿಲ್ಲಬೇಕು

(ಪಣಜಿಯಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸ)

ಹಿರಿಯರಿಗೂ ಅಕ್ಕ-ತಂಗಿಯರಿಗೂ ನಮಸ್ಕಾರ.

ಇಲ್ಲಿಂದ ಮಾಂಡೋವಿ ದಂಡೆಗೆ ಹೋದರೆ ಹಳೇ ಸೆಕ್ರೆಟೇರಿಯಟ್ ಸಿಗುತ್ತದೆ. ವಿಜಯಪುರ ಸೀಮೆಯಿಂದ ಬಂದವರು ಇಲ್ಲಿ ಬಹಳ ಮಂದಿ ಕೂತಿದ್ದೀರಿ. ಅದು ನಿಮ್ಮೂರಿನ ಯೂಸುಫ್ ಆದಿಲ್ ಶಾಹನ ಅರಮನೆ. 1759ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಅಲ್ಲಿಗೆ ಬಂದು ನೆಲೆಸಿದ. ಆಮೇಲೆ ಅದು ಸರ್ಕಾರಿ ಕಚೇರಿಯಾಯಿತು, ವಿಮೋಚನೆಯ ನಂತರ ವಿಧಾನಸಭೆಯಾಯಿತು. 2000ದಲ್ಲಿ ವಿಧಾನಸಭೆ ಪರ್ವರಿಗೆ ಹೋಯಿತು. ಪೋರ್ಚುಗೀಸರು ಮೂಲ ಕಟ್ಟಡವನ್ನು ಸಾಕಷ್ಟು ತಿದ್ದಿ ಕಟ್ಟಿದ್ದಾರೆ, ನಿಜ. ಆದರೂ ಅದು ಇಷ್ಟು ಕಾಲ ಬಾಳಿದ್ದು ಪ್ರತಿ ತಲೆಮಾರಿನಲ್ಲೂ ಯಾರಾದರೊಬ್ಬರು ಒಳಗೆ ಇದ್ದು, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿದ್ದರಿಂದ.

ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಬೀಗ ಹಾಕಿದ ಮನೆ ಇದನ್ನು ಹೆಚ್ಚು ವರ್ಷ ತಡೆಯುವುದಿಲ್ಲ. ಒಂದು ಹೆಂಚು ಸರಿದರೆ ಜಂತಿ ನೆನೆಯುತ್ತದೆ, ನೆನೆದ ಜಂತಿಗೆ ಗೆದ್ದಲು ಹತ್ತುತ್ತದೆ, ಜಂತಿ ಕುಸಿದರೆ ಗೋಡೆಯ ತಲೆ ಬಯಲಾಗುತ್ತದೆ. ಹಾಗಾಗಿ ಹಳೆಯ ಮನೆ ಹೊಟೇಲಾಯಿತು ಎಂದು ಕೇಳಿದರೆ ನನಗೆ ಮೊದಲು ಸಮಾಧಾನವೇ ಆಗುತ್ತದೆ. ಆಮೇಲೆ ಒಂದು ಪ್ರಶ್ನೆ ಕೇಳುತ್ತೇನೆ: ನಾಳೆ ಈ ಹೊಟೇಲು ಎದ್ದು ಹೋದರೆ ಮನೆ ಉಳಿಯುತ್ತದೆಯೇ? ಇವತ್ತು ನಾನು ಹೇಳಬೇಕಾದದ್ದೆಲ್ಲ ಈ ಪ್ರಶ್ನೆಯಲ್ಲಿದೆ.

ಈ ಪದ್ಧತಿ ಹೊಸದೇನಲ್ಲ. ಸ್ಪೇನ್ ಸರ್ಕಾರ 1928ರಲ್ಲಿ, ಪೋರ್ಚುಗಲ್ ಸರ್ಕಾರ 1942ರಲ್ಲಿ ತಮ್ಮದೇ ವಸತಿಗೃಹಗಳನ್ನು ಆರಂಭಿಸಿದವು. ಮುಂದೆ ಕೋಟೆ, ಮಠಗಳೂ ಅದರೊಳಗೆ ಸೇರಿದವು. ನಮ್ಮಲ್ಲಿ ಉದಯಪುರದ ಕೆರೆಯ ಅರಮನೆ 1960ರ ದಶಕದಲ್ಲಿ, ಮೈಸೂರಿನ ಲಲಿತಮಹಲು 1974ರಲ್ಲಿ ಹೊಟೇಲಾದವು. ಪುಣೆಯ ಹೊರಗೆ ಪಿಲಾಜಿ ಜಾಧವರಾವ್ 1710ರಲ್ಲಿ ಕಟ್ಟಿಸಿದ ಜಾಧವಗಢದಲ್ಲೂ ಈಗ ತಂಗಬಹುದು. ಕೇಂದ್ರ ಪ್ರವಾಸೋದ್ಯಮ ಇಲಾಖೆ 1950ಕ್ಕೆ ಮುಂಚಿನ ಕಟ್ಟಡವಾದರೆ ಹೆರಿಟೇಜ್ ಹೊಟೇಲು ಎಂದು ಮಾನ್ಯ ಮಾಡುತ್ತದೆ. ಮೇಲಿನ ದರ್ಜೆಗೆ 1935ಕ್ಕೆ ಮುಂಚಿನದಾಗಿರಬೇಕು.

ಗೋವಾದ ಸ್ಥಿತಿ ಸ್ವಲ್ಪ ಬೇರೆ. ಇಲ್ಲಿ ಅರಮನೆಗಳಿಗಿಂತ ಕುಟುಂಬದ ಮನೆಗಳು ಹೆಚ್ಚು. 1867ರ ಪೋರ್ಚುಗೀಸ್ ಸಿವಿಲ್ ಕೋಡಿನಿಂದ ಬಂದ ಉತ್ತರಾಧಿಕಾರದ ನಿಯಮಗಳು ಇಲ್ಲಿ ಇನ್ನೂ ಜಾರಿಯಲ್ಲಿವೆ. ಗಂಡು, ಹೆಣ್ಣು ಎನ್ನದೆ ಮಕ್ಕಳಿಗೆಲ್ಲ ಸಮಪಾಲು. ಆಸ್ತಿಯ ಅರ್ಧವನ್ನು ಮಕ್ಕಳಿಗೆ ತಪ್ಪಿಸಿ ಬೇರೆಯವರಿಗೆ ಬರೆಯುವಂತಿಲ್ಲ. ನ್ಯಾಯವಾದ ಕಾನೂನು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಮೂರು ತಲೆಮಾರು ಕಳೆದ ಮೇಲೆ ಒಂದು ಮನೆಗೆ ಹತ್ತಾರು ಪಾಲುದಾರರು, ಒಬ್ಬರು ಲಿಸ್ಬನ್‌ನಲ್ಲಿ, ಒಬ್ಬರು ಮುಂಬೈಯಲ್ಲಿ. ಹೆಂಚಿನ ಖರ್ಚು ಯಾರು ಕೊಡಬೇಕು? ನಮ್ಮ ಬಾಗಲಕೋಟೆ, ಬೆಳಗಾವಿ ಸೀಮೆಯ ದೇಸಾಯರ ವಾಡೆಗಳು ಬಿದ್ದದ್ದೂ ಹೀಗೆಯೇ ಅಲ್ಲವೇ? ಮನೆಯನ್ನು ಮಾರದೆ ಭೋಗ್ಯಕ್ಕೋ ಬಾಡಿಗೆಗೋ ಕೊಟ್ಟು, ಬಂದ ದುಡ್ಡನ್ನು ಹಂಚಿಕೊಳ್ಳುವ ದಾರಿ ಸಿಕ್ಕಾಗ ಜಗಳ ತಣ್ಣಗಾಗುತ್ತದೆ, ಮನೆಯೂ ಉಳಿಯುತ್ತದೆ. ಪಣಜಿಯ ಹಳೆಯ ಬಡಾವಣೆ ಫೊಂತೈನ್ಹಾಸ್‌ನ ಪಂಜಿಮ್ ಇನ್ ಹೊಟೇಲು 1980ರ ದಶಕದಿಂದಲೇ ಕುಟುಂಬದ ಹಳೆಯ ಮನೆಯಲ್ಲಿ ನಡೆದು ಬಂದಿದೆ. ಆ ಬೀದಿಯ ಮನೆಗಳಿಗೆ ಬೆಲೆ ಬಂದದ್ದರಲ್ಲಿ ಇಂಥವರ ಪಾಲು ದೊಡ್ಡದು.

ಈಗ ಗೋಡೆಗೆ ಬರೋಣ. ನನ್ನ ಕೆಲಸವೇ ಅದು, ಸ್ವಲ್ಪ ಹೊತ್ತು ತಾಳಿಕೊಳ್ಳಿ.

ಗೋವಾದ ಹಳೆಯ ಮನೆ ಜಂಬಿಟ್ಟಿಗೆಯದು, ಅಂದರೆ ಕೆಂಪು ಚಿರೇಕಲ್ಲಿನದು. ಈ ಕಲ್ಲಿನ ತುಂಬ ಸಣ್ಣ ಸಣ್ಣ ತೂತು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಅದರ ಮೇಲಿನ ಸುಣ್ಣದ ಗಾರೆ ಈ ತೇವ ಹೊರಗೆ ಹೋಗಲು ದಾರಿ ಕೊಡುತ್ತದೆ. ಹಿಂದೆ ಕಡಲ ಚಿಪ್ಪು ಸುಟ್ಟು ಸುಣ್ಣ ಮಾಡಿ, ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕಿ, ಬೆಲ್ಲದ ನೀರು ಸೇರಿಸಿ ಅರೆಯುತ್ತಿದ್ದರು. ಹೊಟೇಲು ಮಾಡುವವರಿಗೆ ಸೀಸನ್ನಿಗೆ ಮುಂಚೆ ಕೆಲಸ ಮುಗಿಯಬೇಕು. ಸುಣ್ಣಕ್ಕೆ ಕಾಯುವ ಪುರುಸೊತ್ತಿಲ್ಲ, ಸಿಮೆಂಟ್ ಬಳಿಸುತ್ತಾರೆ. ಮೊದಲ ವರ್ಷ ಗೋಡೆ ಕನ್ನಡಿಯಂತಿರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೊಣಕಾಲೆತ್ತರಕ್ಕೆ ಬಿಳಿ ಉಪ್ಪು ಹೂವಿನಂತೆ ಅರಳುತ್ತದೆ, ಬಣ್ಣ ಗುಳ್ಳೆಯೇಳುತ್ತದೆ. ಅಂಥ ಒಂದು ಗೋಡೆಯ ಮುಂದೆ ಬಾಗಲಕೋಟೆ ಕಡೆಯ ಹಿರಿಯ ಗೌಂಡಿಯೊಬ್ಬರು ಕರಣೆಯ ಹಿಡಿಯಿಂದ ಕುಟ್ಟಿ, ಟೊಳ್ಳು ಸದ್ದು ಕೇಳಿ, ನನ್ನತ್ತ ತಿರುಗಿ ಹೇಳಿದರು: "ಒಳಗ ನೀರು ಕುಂತೈತ್ರಿ ಸಾಹೇಬ್ರ, ಹೊರಗ ಬರಾಕ ಹಾದಿ ಇಲ್ಲ." ಸಿಮೆಂಟ್ ಕಿತ್ತಾಗ ಅದರ ಜೊತೆಗೇ ಕಲ್ಲಿನ ಮುಖ ಪದರ ಪದರವಾಗಿ ಎದ್ದು ಬಂತು. ಸಿಮೆಂಟ್ ಕಲ್ಲಿಗಿಂತ ಗಟ್ಟಿ, ಆದ್ದರಿಂದ ಸೋಲುವುದು ಕಲ್ಲೇ.

ಇದಕ್ಕಿಂತ ದೊಡ್ಡ ತೊಂದರೆ ಬಚ್ಚಲುಮನೆಯದು. ಹಳೆಯ ಮನೆಯಲ್ಲಿ ಅದು ಹಿತ್ತಲಲ್ಲಿತ್ತು. ಹೊಟೇಲಿನಲ್ಲಿ ಪ್ರತಿ ಕೋಣೆಗೂ ಒಂದು ಬೇಕು, ಅದೂ ಮಾಳಿಗೆಯ ಮೇಲೆ. ಮಾಳಿಗೆ ನಿಂತಿರುವುದು ಮರದ ತೊಲೆಗಳ ಮೇಲೆ. ಅಲ್ಲಿ ಕಾಂಕ್ರೀಟ್ ಹಾಕಿ ಟೈಲ್ಸ್ ಕೂರಿಸಿದರೆ ಭಾರವೂ ಹೆಚ್ಚು, ಸೋರಿದ ನೀರು ಕಣ್ಣಿಗೆ ಬೀಳುವುದೂ ಇಲ್ಲ. ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ. ಬುದ್ಧಿವಂತರು ಬಚ್ಚಲನ್ನು ಹಿತ್ತಲ ಕಡೆ ಹೊಸದಾಗಿ, ತನ್ನದೇ ತಳಪಾಯದ ಮೇಲೆ ಕಟ್ಟಿ, ಒಂದು ಬಾಗಿಲಿನಿಂದ ಮಾತ್ರ ಹಳೆಯ ಮನೆಗೆ ಸೇರಿಸುತ್ತಾರೆ. ನಾಳೆ ಬೇಡವೆಂದರೆ ತೆಗೆದು ಬಾಗಿಲು ಮುಚ್ಚಿದರಾಯಿತು. ಕೋಣೆಗಳ ಲೆಕ್ಕ ಎರಡು ಕಡಿಮೆಯಾಗಬಹುದು, ಆಗಲಿ.

ಕಿಟಕಿಯ ಚಿಪ್ಪಿನ ಬಗ್ಗೆ ಒಂದು ಮಾತು. ಗಾಜಿನ ಬದಲು ಮರದ ಚೌಕಟ್ಟಿನಲ್ಲಿ ಕೂರಿಸಿದ ಆ ತೆಳು ಚಿಪ್ಪುಗಳು ಕಡಲಿನವು. ಆ ಜೀವಿಗೆ ಈಗ ವನ್ಯಜೀವಿ ಕಾನೂನಿನ ರಕ್ಷಣೆಯಿದೆ. ಇರುವುದನ್ನು ಒಡೆಯದೆ ಕಾಪಾಡಬೇಕು. ತಲೆಯ ಮೇಲಿನ ಹೆಂಚಿಗೂ ನಮಗೂ ನಂಟಿದೆ: ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯ ಮನೆಗಳೆಲ್ಲ ಮಂಗಳೂರು ಹೆಂಚು ಹೊದ್ದವು.

ಕೋಟೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಹೆಚ್ಚು ಬಿಗಿ. ಮನೆ ಒಂದು ಕುಟುಂಬದ್ದು, ಕೋಟೆ ಎಲ್ಲರದು. ಕೇರಿ ಎಂಬ ಊರಿನಿಂದ ಫೆರ್ರಿ ಹತ್ತಿ ಹೊಳೆ ದಾಟಿದರೆ ತೆರೇಖೋಲ್ ಕೋಟೆ. ಸಾವಂತವಾಡಿಯ ಭೋಸಲೆಯವರದಾಗಿದ್ದ ಅದನ್ನು 1746ರಲ್ಲಿ ಪೋರ್ಚುಗೀಸರು ಗೆದ್ದರು. ಅಂಗಳದಲ್ಲಿ ಸಂತ ಅಂತೋನಿಯ ಚರ್ಚ್ ಇದೆ. 1954ರ ಆಗಸ್ಟ್ 15ರಂದು ಸತ್ಯಾಗ್ರಹಿಗಳು ಅಲ್ಲಿ ತ್ರಿವರ್ಣ ಧ್ವಜ ಹಾರಿಸಿ ಸೆರೆಮನೆ ಸೇರಿದರು. ಅದೇ ಗೋಡೆಗಳ ನಡುವೆ ಬೆರಳೆಣಿಕೆಯ ಕೋಣೆಗಳ ಹೊಟೇಲು ಬಂತು. 1612ರ ಅಗ್ವಾದ ಕೋಟೆಯ ಕಥೆಯೂ ಹಾಗೆಯೇ: 1974ರಿಂದ ಒಂದು ಮಗ್ಗುಲಲ್ಲಿ ದೊಡ್ಡ ಹೊಟೇಲು, ಇನ್ನೊಂದು ಮಗ್ಗುಲಲ್ಲಿ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಜೈಲು. ಆ ಜೈಲು ಈಗ ಮ್ಯೂಸಿಯಂ ಆಗಿದೆ. ಇಂಥ ಕಡೆ ರೂಮಿನ ಬಾಡಿಗೆ ಕೊಡಲಾಗದವರಿಗೂ ಬುರುಜಿನ ಮೇಲೆ ನಿಂತು ಕಡಲು ನೋಡುವ ಹಕ್ಕಿರಬೇಕು. ಊರಿನವರು ಹಬ್ಬಕ್ಕೆ ಚರ್ಚಿಗೆ ಹೋಗಲು ಯಾರ ಅಪ್ಪಣೆಯನ್ನೂ ಕೇಳುವಂತಾಗಬಾರದು.

ಹೊಟೇಲು ಎದ್ದು ಹೋದರೆ ಏನಾಗುತ್ತದೆ ಎಂಬುದಕ್ಕೆ ಮುಂಬೈಗೆ ಹೋಗಿ ವಾಟ್ಸನ್ಸ್ ಹೊಟೇಲನ್ನು ನೋಡಿ. ಇಂಗ್ಲೆಂಡಿನಿಂದ ಎರಕದ ಕಬ್ಬಿಣದ ಕಂಬಗಳನ್ನು ಹಡಗಿನಲ್ಲಿ ತಂದು 1860ರ ದಶಕದಲ್ಲಿ ಜೋಡಿಸಿದ ಕಟ್ಟಡ. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲನಚಿತ್ರಗಳು ಭಾರತದಲ್ಲಿ ಮೊದಲ ಬಾರಿಗೆ ತೆರೆ ಕಂಡದ್ದು ಅಲ್ಲೇ. ಅದು ಹುಟ್ಟಿದ್ದೇ ಹೊಟೇಲಾಗಿ. ಹೊಟೇಲು ಮುಚ್ಚಿದ ಮೇಲೆ ಕೋಣೆ ಕೋಣೆಯಾಗಿ ಕಚೇರಿಗಳಿಗೆ ಹರಿದು ಹಂಚಿಹೋಯಿತು. ಬಾಡಿಗೆಯವರು, ಮಾಲೀಕರು, ಕೋರ್ಟು ಎನ್ನುತ್ತ ಕೊನೆಗೆ ಕೆಡವಬೇಕೇ ಉಳಿಸಬೇಕೇ ಎಂಬ ಮಾತು ಬಂತು.

ನೀವು ಇಂಥ ಕಡೆ ತಂಗಿದಾಗ ಮಾಡಬೇಕಾದ್ದು ಬಹಳವಿಲ್ಲ. ಆಷಾಢ, ಶ್ರಾವಣದಲ್ಲಿ ಹೋಗಿ. ಮನೆಯ ನಿಜಸ್ಥಿತಿ ತಿಳಿಯುವುದು ಆಗಲೇ, ದುಡ್ಡು ಅವರಿಗೆ ಬೇಕಾಗುವುದೂ ಆಗಲೇ. ತೇವದ ವಾಸನೆ ಬಂತೆಂದು ಬೇಸರಿಸಬೇಡಿ, ಕಿಟಕಿ ತೆರೆದಿಡಿ. ಗೋಡೆಗೆ ಯಾವ ಗಾರೆ ಹಾಕಿದ್ದೀರಿ, ಯಾರು ಹಾಕಿದರು ಎಂದು ಮಾಲೀಕರನ್ನು ಕೇಳಿ. ಎರಡನೆಯ ಪ್ರಶ್ನೆಗೆ ಬಹಳ ಸಲ ಉತ್ತರ ನಮ್ಮ ಉತ್ತರ ಕರ್ನಾಟಕದ ಗೌಂಡಿಗಳೇ ಆಗಿರುತ್ತಾರೆ. ಹೊಟೇಲಿನ ಗೋಡೆಯಲ್ಲಿ ಮನೆತನದ ಫೋಟೊ ತೂಗುತ್ತದೆ, ಪಕ್ಕದಲ್ಲಿ ವಾಸ್ತುಶಿಲ್ಪಿಯ ಹೆಸರೂ ಇರುತ್ತದೆ. ಗಾರೆ ಹಾಕಿದವರ ಹೆಸರೂ ಅಲ್ಲಿ ಬರಲಿ ಎಂದು ನಾನು ಕೆಲಸ ಮಾಡುವ ಕಡೆಯೆಲ್ಲ ಕೇಳುತ್ತೇನೆ. ಕೆಲವರು ಒಪ್ಪಿದ್ದಾರೆ.

ಹಿಂದಿನ ಮೇಜಿನ ಮೇಲೆ ಜಂಬಿಟ್ಟಿಗೆಯ ಎರಡು ತುಂಡು ಇಟ್ಟಿದ್ದೇನೆ, ಒಂದಕ್ಕೆ ಸುಣ್ಣದ ಗಾರೆ, ಇನ್ನೊಂದಕ್ಕೆ ಸಿಮೆಂಟ್. ಎರಡರ ಮೇಲೂ ನೀರು ಹನಿಸಿ ನೋಡಿ. ಗೌಂಡಿ ಕೆಲಸದ ಅಣ್ಣಂದಿರೂ ಇಬ್ಬರು ಬಂದಿದ್ದಾರೆ. ಸುಣ್ಣ ಕೊಳೆಹಾಕುವುದು ಹೇಗೆಂದು ನನಗಿಂತ ಚೆನ್ನಾಗಿ ಅವರೇ ಹೇಳುತ್ತಾರೆ, ಅವರನ್ನೇ ಕೇಳಿ.