ದುಡ್ಡು ತಿನ್ನುವ ಖಾತೆಯಲ್ಲಿ ದುಡ್ಡು ಇಡಬೇಡಿ

ಕೇಳುಗರೇ, ನಮಸ್ಕಾರ.

ಈಗ ರೇಡಿಯೊ ಹಾಕಿಕೊಂಡು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿರುವವರು, ಜಗಳೂರು ಕಡೆ ಹೊಲದಲ್ಲಿ ಇರುವವರು, ಮೊಳಕಾಲ್ಮೂರಿನಲ್ಲಿ ಮಗ್ಗದ ಮುಂದೆ ಕೂತಿರುವವರು, ಹರಿಹರದಲ್ಲಿ ಬೀಡಿ ಕಟ್ಟುತ್ತಿರುವ ಅಕ್ಕಂದಿರು, ನಿಮಗೆಲ್ಲ ನಾನು ಇವತ್ತು ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ನಿಮ್ಮ ಬ್ಯಾಂಕ್ ಖಾತೆ ನಿಮ್ಮ ದುಡ್ಡನ್ನೇ ತಿನ್ನುತ್ತಿದ್ದರೆ ಆ ಖಾತೆ ಬದಲಿಸಿ. ಇಷ್ಟೇ. ಬೇರೆ ಏನು ಮರೆತರೂ ಪರವಾಗಿಲ್ಲ, ಇದೊಂದು ನೆನಪಿಡಿ.

ನಾನು ಬ್ಯಾಂಕಿನ ಕೌಂಟರಿನ ಒಳಗೆ ಕೂತು ಕೆಲಸ ಮಾಡಿ ನಿವೃತ್ತನಾದವನು. ಈಗ ಹಳ್ಳಿಗಳಿಗೆ ಹೋಗಿ ಸ್ವಸಹಾಯ ಸಂಘದವರ ಜೊತೆ ಕೂತು ಪಾಸ್‌ಬುಕ್ ಓದಿ ಹೇಳುತ್ತೇನೆ. ಎಲ್ಲ ಕಡೆ ಒಂದೇ ಕತೆ. ಪಾಸ್‌ಬುಕ್ ಇರುತ್ತದೆ, ಎಂಟ್ರಿ ಹಾಕಿಸಿರುವುದಿಲ್ಲ. ಹಾಕಿಸಿದ್ದರೂ ಓದಿರುವುದಿಲ್ಲ. ಓದಿದರೆ ಕಾಣುತ್ತದೆ: ಮಿನಿಮಮ್ ಬ್ಯಾಲೆನ್ಸ್, ಅಂದರೆ ಖಾತೆಯಲ್ಲಿ ಇರಲೇಬೇಕಾದಷ್ಟು ದುಡ್ಡು, ಇಲ್ಲ ಅಂತ ಒಂದು ಚಾರ್ಜು, ಕಂತು ಬೌನ್ಸ್ ಆಯಿತು ಅಂತ ಒಂದು ಚಾರ್ಜು, ಎಸ್‌ಎಂಎಸ್ ಕಳಿಸಿದೆವು ಅಂತ ಒಂದು ಚಾರ್ಜು. ಕೆಲವು ಬ್ಯಾಂಕಿನಲ್ಲಿ ಎಟಿಎಂಗೆ ಹೋಗಿ, ದುಡ್ಡು ಸಾಲದೆ ಬರಿಗೈಲಿ ವಾಪಸ್ ಬಂದರೂ ಒಂದು ಚಾರ್ಜು. ಎಲ್ಲದರ ಮೇಲೂ ನೂರಕ್ಕೆ 18 ರೂಪಾಯಿ ಜಿಎಸ್‌ಟಿ.

ಅಮೆರಿಕದಲ್ಲಿ ಖಾತೆಯಲ್ಲಿ ದುಡ್ಡು ಸಾಲದೆ ಹೋದಾಗ ಬ್ಯಾಂಕು ತಾನೇ ತುಂಬಿಕೊಟ್ಟು, ಓವರ್‌ಡ್ರಾಫ್ಟ್ ಶುಲ್ಕ ಅಂತ ಸಲಕ್ಕೆ ಸುಮಾರು 35 ಡಾಲರ್ ಹಾಕುವುದು ಮಾಮೂಲಿ. ನಮ್ಮ ಉಳಿತಾಯ ಖಾತೆಯಲ್ಲಿ ಬ್ಯಾಂಕು ಹಾಗೆ ತುಂಬಿಕೊಡುವುದೂ ಇಲ್ಲ. ಕಂತನ್ನು ವಾಪಸ್ ಕಳಿಸುತ್ತದೆ, ಚಾರ್ಜನ್ನು ಹಾಕುತ್ತದೆ. ನಿಮ್ಮ ಕೆಲಸವೂ ಆಗಲಿಲ್ಲ, ದುಡ್ಡೂ ಹೋಯಿತು.

ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಸ್ವಲ್ಪ ಗಮನ ಕೊಟ್ಟು ಕೇಳಿ, ಯಾಕೆಂದರೆ ಇದರಲ್ಲಿ ಎಲ್ಲವೂ ಇದೆ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದವರು, ಮನೆಯ ತೊಂದರೆಗೆ ಕೆಲಸ ಬಿಟ್ಟು ದಾವಣಗೆರೆಗೆ ವಾಪಸ್ ಬಂದು, ಮಂಡಿಪೇಟೆ ಹತ್ತಿರ ಬಟ್ಟೆ ಅಂಗಡಿಗೆ ಸೇರಿಕೊಂಡಿದ್ದರು. ಕಂಪನಿಯವರು ಮಾಡಿಸಿಕೊಟ್ಟಿದ್ದ ಸಂಬಳದ ಖಾತೆಯೇ ಅವರ ಖಾತೆ, ಒಂದು ಖಾಸಗಿ ಬ್ಯಾಂಕಿನದು. ಸಂಬಳ ಬರುವವರೆಗೆ ಆ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ನಿಯಮ ಇಲ್ಲ. ಸಂಬಳ ಬರುವುದು ನಿಂತು ಕೆಲವು ತಿಂಗಳಾದ ಮೇಲೆ ಅದು ಮಾಮೂಲಿ ಖಾತೆ ಆಯಿತು, ತಿಂಗಳಿಗೆ ಸರಾಸರಿ 10,000 ರೂಪಾಯಿ ಇರಬೇಕು ಅಂತಾಯಿತು. ಇದು ಅವರಿಗೆ ಗೊತ್ತೇ ಇಲ್ಲ. ಬ್ಯಾಂಕು ಮೆಸೇಜ್ ಕಳಿಸಿದ್ದು ಬೆಂಗಳೂರಿನಲ್ಲಿ ಬಳಸುತ್ತಿದ್ದ ಹಳೇ ನಂಬರಿಗೆ. ಆ ಸಿಮ್ ಅವರು ಯಾವತ್ತೋ ಬಿಟ್ಟಿದ್ದಾರೆ.

ಫ್ರಿಜ್ ಒಂದನ್ನು ಕಂತಿನಲ್ಲಿ ತೆಗೆದುಕೊಂಡಿದ್ದರು. ತಿಂಗಳಿಗೆ 1,640 ರೂಪಾಯಿ, ಐದನೇ ತಾರೀಖು. ಮೂರನೇ ತಾರೀಖೇ ಹೋಗಿ ಖಾಲಿ ಖಾತೆಗೆ 1,700 ಕಟ್ಟಿದರು, ಜವಾಬ್ದಾರಿ ಇರುವ ಮನುಷ್ಯರು. ನಾಲ್ಕನೇ ತಾರೀಖು ಮಿನಿಮಮ್ ಬ್ಯಾಲೆನ್ಸ್ ಚಾರ್ಜು ಅಂತ 500, ಜಿಎಸ್‌ಟಿ 90, ಒಟ್ಟು 590 ಹೋಯಿತು. ಉಳಿದದ್ದು 1,110. ಐದನೇ ತಾರೀಖು ಕಂತು ಬಂತು, ದುಡ್ಡು ಸಾಲಲಿಲ್ಲ, ಬೌನ್ಸ್. ಬೌನ್ಸ್ ಆಗಿದ್ದಕ್ಕೆ ಮತ್ತೆ 590. ಈಗ ಉಳಿದದ್ದು 520. ಫ್ರಿಜ್‌ಗೆ ಸಾಲ ಕೊಟ್ಟ ಫೈನಾನ್ಸ್‌ನವರು ಕೆಲವು ದಿನ ಬಿಟ್ಟು ಮತ್ತೆ ಬ್ಯಾಂಕಿಗೆ ಕಂತು ಕೇಳಿ ಕಳಿಸಿದರು. ಮತ್ತೆ ಬೌನ್ಸ್, ಮತ್ತೆ 590. ಇದ್ದದ್ದೇ 520, ಬ್ಯಾಂಕಿನವರು ಅದನ್ನು ಪೂರ್ತಿ ತೆಗೆದುಕೊಂಡು 70 ರೂಪಾಯಿ ಬಾಕಿ ಬರೆದುಕೊಂಡರು. ಫೈನಾನ್ಸ್‌ನವರ ಬೌನ್ಸ್ ಚಾರ್ಜು ಬೇರೆ, ಅದನ್ನು ನಾನು ಇಲ್ಲಿ ಸೇರಿಸಿಲ್ಲ.

ಆಮೇಲೆ ಗೃಹಲಕ್ಷ್ಮಿಯ 2,000 ಬಂತು. ಮೊದಲು ಆ 70 ಹೋಯಿತು, ಮುಂದಿನ ತಿಂಗಳ ಮಿನಿಮಮ್ ಬ್ಯಾಲೆನ್ಸ್ 590 ಹೋಯಿತು, ಉಳಿದ 1,340 ಇಟ್ಟುಕೊಂಡು ಕಂತಿಗೆ ಕಾದರೆ ಅದೂ ಬೌನ್ಸ್, ಇನ್ನೊಂದು 590. ಕೂಡಿಸಿ ನೋಡಿ. ಐದು ಸಲ 590 ಅಂದರೆ 2,950 ರೂಪಾಯಿ. ಫ್ರಿಜ್‌ಗೆ ಒಂದು ಪೈಸೆ ಸೇರಲಿಲ್ಲ. ಆ ತಾಯಿ ಏನು ಅಂದುಕೊಂಡಿದ್ದರು ಗೊತ್ತಾ? ಖಾತೆಯಲ್ಲಿ ದುಡ್ಡು ಕಮ್ಮಿ ಆಗುತ್ತಿದೆ, ಅಂದರೆ ಕಂತು ಹೋಗುತ್ತಿದೆ ಅಂತ. ಫೈನಾನ್ಸ್‌ನವರು ಅಂಗಡಿ ಬಾಗಿಲಿಗೆ ಬಂದು ಎಲ್ಲರ ಎದುರು ಕೇಳಿದಾಗಲೇ ಗೊತ್ತಾಗಿದ್ದು. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ದುಡಿದು, ತಾರೀಖಿಗೆ ಮುಂಚೆ ದುಡ್ಡು ಕಟ್ಟಿದವರು ನಾಲ್ಕು ಜನರ ಎದುರು ತಲೆ ತಗ್ಗಿಸಬೇಕಾಯಿತು, ಅದು ಒಂದು ತಪ್ಪು ಖಾತೆಯಿಂದ.

ಆ ಬ್ಯಾಂಕಿಗೆ ಒಂದು ಅರ್ಜಿ ಬರೆದುಕೊಟ್ಟೆ. ರಿಸರ್ವ್ ಬ್ಯಾಂಕಿನ ನಿಯಮ ಇದೆ, 2015ರ ಏಪ್ರಿಲ್ ಒಂದರಿಂದ ಜಾರಿಯಲ್ಲಿದೆ. ಬ್ಯಾಲೆನ್ಸ್ ಕಮ್ಮಿ ಆದರೆ ಬ್ಯಾಂಕು ಮೊದಲು ತಿಳಿಸಬೇಕು, ಸರಿಮಾಡಿಕೊಳ್ಳಲು ಕನಿಷ್ಠ ಒಂದು ತಿಂಗಳು ಸಮಯ ಕೊಡಬೇಕು. ಎಷ್ಟು ಕಮ್ಮಿ ಇದೆಯೋ ಅದಕ್ಕೆ ತಕ್ಕ ಹಾಗೆ ಚಾರ್ಜು ಇರಬೇಕು. ಬರೀ ಈ ಚಾರ್ಜಿನಿಂದಲೇ ಖಾತೆ ಮೈನಸ್‌ಗೆ ಇಳಿಯಬಾರದು. ಇಷ್ಟನ್ನು ಬರೆದು ಮ್ಯಾನೇಜರ್ ಸಹಿ ಹಾಕಿಸಿಕೊಂಡ ಮೇಲೆ ಎರಡು ಚಾರ್ಜು ವಾಪಸ್ ಬಂತು. ಆದರೆ ನಾನು ಆ ತಾಯಿಗೆ ಹೇಳಿದ್ದು ಒಂದೇ: ಜಗಳ ಗೆದ್ದೆವು ಅಂತ ಈ ಖಾತೆಯಲ್ಲೇ ಕೂರಬೇಡಿ, ಖಾತೆ ಬದಲಿಸಿ.

ಯಾವ ಖಾತೆಗೆ ಹೋಗಬೇಕು? ಇದರ ಹೆಸರು ಬರೆದುಕೊಳ್ಳಿ. ಬೇಸಿಕ್ ಸೇವಿಂಗ್ಸ್ ಬ್ಯಾಂಕ್ ಡೆಪಾಸಿಟ್ ಅಕೌಂಟ್. ಕೌಂಟರಿನಲ್ಲಿ ಬಿಎಸ್‌ಬಿಡಿ ಖಾತೆ ಅಂದರೂ ಗೊತ್ತಾಗುತ್ತದೆ. 2012ರಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಈ ಖಾತೆ ಕೊಡಲೇಬೇಕು ಅಂತ ಹೇಳಿದೆ. ಖಾಸಗಿ ಬ್ಯಾಂಕೂ ಸೇರಿ. ಮಿನಿಮಮ್ ಬ್ಯಾಲೆನ್ಸ್ ಇಲ್ಲ. ಎಟಿಎಂ ಕಾರ್ಡು ಉಚಿತ. ದುಡ್ಡು ಎಷ್ಟು ಸಲ ಬೇಕಾದರೂ ಕಟ್ಟಬಹುದು, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಉಚಿತವಾಗಿ ತೆಗೆಯಬಹುದು. ಕೌಂಟರಿನಲ್ಲಿ ಕೆಲವರು ಇದು ಕಡುಬಡವರಿಗೆ ಮಾತ್ರ ಅನ್ನುತ್ತಾರೆ. ಸುಳ್ಳು. ಯಾರು ಬೇಕಾದರೂ ಕೇಳಬಹುದು. ಈಗ ನಿಮಗಿರುವ ಖಾತೆಯನ್ನೇ ಇದಕ್ಕೆ ಬದಲಿಸಿಕೊಡಿ ಅಂತಲೂ ಅರ್ಜಿ ಕೊಡಬಹುದು. ಒಂದು ಷರತ್ತು ಇದೆ, ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು, ಇದ್ದರೆ 30 ದಿನದೊಳಗೆ ಮುಚ್ಚಬೇಕು. 2014ರಲ್ಲಿ ಶುರುವಾದ ಜನಧನ್ ಖಾತೆಯೂ ಇದೇ ಜಾತಿಯದು. ಅದರಲ್ಲಿ ಅರ್ಹತೆ ಇದ್ದವರಿಗೆ 10,000 ರೂಪಾಯಿವರೆಗೆ ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ಸಾಲವಾಗಿ ತೆಗೆಯುವ ಸೌಲಭ್ಯವೂ ಇದೆ.

ಇನ್ನೂ ಸುಲಭದ ದಾರಿ ಇದೆ. ಸ್ಟೇಟ್ ಬ್ಯಾಂಕ್ 2020ರಲ್ಲೇ ಉಳಿತಾಯ ಖಾತೆಯ ಮಿನಿಮಮ್ ಬ್ಯಾಲೆನ್ಸ್ ತೆಗೆದುಹಾಕಿತು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ 2025ರ ಜೂನ್ ಒಂದರಿಂದ ಎಲ್ಲ ಉಳಿತಾಯ ಖಾತೆಗೂ ತೆಗೆಯಿತು. ಅದರ ಹಿಂದೆಯೇ ಪಂಜಾಬ್ ನ್ಯಾಷನಲ್ ಬ್ಯಾಂಕ್, ಇಂಡಿಯನ್ ಬ್ಯಾಂಕ್ ಕೂಡ ತೆಗೆದವು. ಯಾಕೆ ಇಷ್ಟು ತಡ ಅಂತ ಕೇಳಬೇಕು ನಾವು. 2024ರಲ್ಲಿ ಸಂಸತ್ತಿಗೆ ಸರ್ಕಾರ ಕೊಟ್ಟ ಲೆಕ್ಕದ ಪ್ರಕಾರ ಐದು ವರ್ಷದಲ್ಲಿ ಸರ್ಕಾರಿ ಬ್ಯಾಂಕುಗಳು ಮಿನಿಮಮ್ ಬ್ಯಾಲೆನ್ಸ್ ದಂಡ ಅಂತಲೇ ಸುಮಾರು 8,500 ಕೋಟಿ ರೂಪಾಯಿ ತೆಗೆದುಕೊಂಡಿದ್ದವು. ಆ ದುಡ್ಡು ಯಾರದು? ಖಾತೆಯಲ್ಲಿ ಜಾಸ್ತಿ ಇದ್ದವರದ್ದಲ್ಲ ಅಲ್ವಾ. ಮೆಕ್ಕೆಜೋಳ ಮಾರಿದ ದುಡ್ಡು ವರ್ಷಕ್ಕೊಮ್ಮೆ ಬಂದು ಬೇಸಿಗೆ ಹೊತ್ತಿಗೆ ಖಾಲಿ ಆಗುತ್ತದಲ್ಲ, ಅಂಥ ರೈತರ ಖಾತೆಯಿಂದ ಹೋದದ್ದು.

ಜನ ನನಗೆ ಹೇಳುತ್ತಾರೆ, ಸಾರ್, ನಮ್ಮಪ್ಪನ ಕಾಲದಿಂದ ಇದೇ ಬ್ಯಾಂಕು, ಹೆಂಗೆ ಬಿಡೋದು ಅಂತ. ದಯವಿಟ್ಟು ಈ ಮಾತು ಬಿಡಿ. ಕಿರಾಣಿ ಅಂಗಡಿಯವನು ತೂಕದಲ್ಲಿ ಮೋಸ ಮಾಡಿದರೆ ಮಾರನೇ ದಿನವೇ ಪಕ್ಕದ ಅಂಗಡಿಗೆ ಹೋಗುವವರು, ಬ್ಯಾಂಕಿನ ವಿಷಯಕ್ಕೆ ಬಂದರೆ ಮಾತ್ರ ವರ್ಷಗಟ್ಟಲೆ ಸುಮ್ನೆ ಕೂರುತ್ತೀರಿ. ಆಧಾರ್, ಪ್ಯಾನ್, ಒಂದು ಫೋಟೊ ಹಿಡಿದುಕೊಂಡು ಹೋದರೆ ಹೊಸ ಖಾತೆ ಆಗುತ್ತದೆ. ಪ್ಯಾನ್ ಇಲ್ಲದವರಿಗೆ ಅದರ ಬದಲು ತುಂಬುವ ಫಾರಂ ಇದೆ. ಬದಲಿಸಿ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಬದಲಿಸುವ ಕ್ರಮವನ್ನು ಬೇಗ ಹೇಳಿಬಿಡುತ್ತೇನೆ. ಮೊದಲು ಹೊಸ ಖಾತೆ, ಹಳೇದನ್ನು ಮುಚ್ಚುವುದು ಕೊನೆಗೆ. ಹೊಸ ಖಾತೆಯ ಪಾಸ್‌ಬುಕ್ ಕೈಗೆ ಬಂದ ಮೇಲೆ ಸಾಲ ಕೊಟ್ಟವರ ಹತ್ತಿರ ಹೋಗಿ ಹೊಸ ಮ್ಯಾಂಡೇಟ್, ಅಂದರೆ ಇನ್ನು ಈ ಖಾತೆಯಿಂದ ಕಂತು ಕಟ್ ಮಾಡಿ ಅನ್ನುವ ಒಪ್ಪಿಗೆ, ಬರೆದುಕೊಡಿ. ಇದನ್ನು ಬ್ಯಾಂಕು ತಾನಾಗಿ ಮಾಡುವುದಿಲ್ಲ, ನೀವೇ ಮಾಡಬೇಕು. ಹೊಸ ಖಾತೆಯಿಂದ ಒಂದು ಕಂತು ಸರಿಯಾಗಿ ಹೋಗುವವರೆಗೆ ಹಳೇ ಖಾತೆಯಲ್ಲೂ ಒಂದು ಕಂತಿನಷ್ಟು ದುಡ್ಡು ಇರಲಿ. ಭಾನುವಾರ, ಹಬ್ಬ, ಬ್ಯಾಂಕ್ ರಜೆ ಅಂತ ನಂಬಿಕೊಂಡು ಕೂರಬೇಡಿ, 2021ರ ಆಗಸ್ಟ್‌ನಿಂದ ಕಂತು ರಜೆ ದಿನವೂ ಕಟ್ ಆಗುತ್ತದೆ.

ಎರಡನೆಯದು ಆಧಾರ್. ಇದರಲ್ಲಿ ತುಂಬಾ ಜನ ಎಡವುತ್ತಾರೆ. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟೆವಲ್ಲ ಅನ್ನುತ್ತಾರೆ. ಅದು ಗುರುತಿಗೆ ಕೊಟ್ಟದ್ದು. ಗೃಹಲಕ್ಷ್ಮಿ, ಪಿಎಂ ಕಿಸಾನ್, ಗ್ಯಾಸ್ ಸಬ್ಸಿಡಿ ಹೊಸ ಖಾತೆಗೆ ಬರಬೇಕಾದರೆ ಆಧಾರ್ ಸೀಡಿಂಗ್, ಅಂದರೆ ಸರ್ಕಾರದ ದುಡ್ಡು ಬರಲು ಆಧಾರ್ ನಂಬರನ್ನು ಆ ಖಾತೆಗೆ ಜೋಡಿಸುವುದು, ಅಂತ ಬೇರೆ ಫಾರಂ ಇದೆ, ಅದನ್ನು ಹೊಸ ಬ್ಯಾಂಕಿನಲ್ಲಿ ಕೇಳಿ ತುಂಬಿಕೊಡಿ. ಕೊನೆಗೆ ಯಾವ ಬ್ಯಾಂಕಿನಲ್ಲಿ ಸೀಡಿಂಗ್ ಮಾಡಿಸಿರುತ್ತೀರೋ ಸರ್ಕಾರದ ದುಡ್ಡು ಆ ಖಾತೆಗೇ ಹೋಗುತ್ತದೆ. ಆದ ಮೇಲೆ ಆಧಾರ್ ವೆಬ್‌ಸೈಟಿನಲ್ಲಿ ಯಾವ ಬ್ಯಾಂಕು ಅಂತ ನೋಡಬಹುದು, ಮನೆಯ ಮಕ್ಕಳಿಗೆ ಹೇಳಿದರೆ ನೋಡಿಕೊಡುತ್ತಾರೆ.

ಇನ್ನು ವಿಮೆ. ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ, 20 ರೂಪಾಯಿಯ ಸುರಕ್ಷಾ ಬಿಮಾ, ಇವೆರಡೂ ನಿಮ್ಮ ಹಳೇ ಖಾತೆಯಿಂದ ಮೇ ತಿಂಗಳಲ್ಲಿ ಕಟ್ ಆಗುತ್ತಿರುತ್ತವೆ. ಹಳೇ ಖಾತೆ ಮುಚ್ಚಿದರೆ ವಿಮೆಯೂ ನಿಲ್ಲುತ್ತದೆ. ಹೊಸ ಬ್ಯಾಂಕಿನಲ್ಲಿ ಅವತ್ತೇ ಫಾರಂ ತುಂಬಿ. ಪಿಎಫ್ ಇರುವವರು ಅಲ್ಲೂ ಖಾತೆ ನಂಬರ್ ಬದಲಿಸಿ.

ಇಷ್ಟಾದ ಮೇಲೆ ಹಳೇ ಖಾತೆಯನ್ನು ಬರೆದುಕೊಟ್ಟು ಮುಚ್ಚಿ, ಮುಚ್ಚಿದ್ದಕ್ಕೆ ಕಾಗದ ತೆಗೆದುಕೊಳ್ಳಿ. ಸುಮ್ನೆ ಬಿಟ್ಟುಬಿಟ್ಟರೆ ದಂಡ ಏರುತ್ತಾ ಹೋಗುತ್ತದೆ. ಎರಡು ವರ್ಷಕ್ಕೂ ಜಾಸ್ತಿ ಏನೂ ವ್ಯವಹಾರ ಇಲ್ಲದೆ ಖಾತೆ ನಿಷ್ಕ್ರಿಯ ಆಗಿದ್ದರೆ ಅದರ ಮೇಲೆ ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕುವಂತಿಲ್ಲ ಅಂತ 2024ರ ಏಪ್ರಿಲ್‌ನಿಂದ ನಿಯಮ ಬಂದಿದೆ. ಹಾಕಿದ್ದರೆ ವಾಪಸ್ ಕೇಳಿ.

ಬ್ಯಾಂಕಿನವರು ಬಿಎಸ್‌ಬಿಡಿ ಖಾತೆ ಕೊಡಲ್ಲ ಅಂದರೆ, ಬಾಯಿಮಾತು ಬೇಡ, ಬರೆದುಕೊಡಿ ಅನ್ನಿ. ನೀವೂ ದೂರನ್ನು ಬರೆದೇ ಕೊಡಿ, ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಅನ್ನಿಸದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಅದಕ್ಕೆ ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ದೂರು ಕೊಡುವುದು ಹೇಗೆ ಅಂತ ತಿಳಿಯಲು ಫೋನ್ ನಂಬರ್ 14448. ಇನ್ನೊಂದು ಸಲ ಹೇಳುತ್ತೇನೆ, 1, 4, 4, 4, 8. ಕನ್ನಡದಲ್ಲೂ ಮಾತಾಡಬಹುದು. ನಮಸ್ಕಾರ.